ಉಮ್ಮನ ಹುಣಸೆ ಬೀಜ ಮತ್ತು ಏಳು ಸುತ್ತು

ಉಮ್ರಾ, ಅಂದರೆ ಮಕ್ಕಾ ಯಾತ್ರೆ, ಮುಗಿಸಿ ಊರಿಗೆ ಬಂದವರನ್ನು ನೋಡೋಕೆ ಬರುವ ನೆಂಟರು ಮೊದಲು ಕೇಳೋದು ಒಂದೇ ಪ್ರಶ್ನೆ. "ಹಜರುಲ್ ಅಸ್ವದ್‌ಗೆ ಮುತ್ತಿಟ್ಟೆಯಾ?" ಕಅಬಾದ ಮೂಲೆಯಲ್ಲಿರುವ ಕಪ್ಪು ಕಲ್ಲು ಅದು. ಝಂಝಂ ನೀರು ಕುಡಿದು, ಖರ್ಜೂರ ಬಾಯಿಗೆ ಹಾಕಿಕೊಂಡು, ಬೀಜ ಉಗಿಯುವ ಮೊದಲೇ ಈ ಪ್ರಶ್ನೆ. ಇಲ್ಲ ಅಂದರೆ "ಛೆ, ಅಷ್ಟು ದೂರ ಹೋಗಿ..." ಅಂತ ಮುಖ ಸಣ್ಣ ಮಾಡುತ್ತಾರೆ. ತವಾಫ್, ಅಂದರೆ ಕಅಬಾಕ್ಕೆ ಹಾಕುವ ಏಳು ಸುತ್ತು, ಸರಿಯಾಗಿ ಆಯ್ತಾ ಅಂತ ಒಬ್ಬರೂ ಕೇಳಲಿಲ್ಲ.

ಮುತ್ತಿಡಲಿಲ್ಲ ನಿಜ. ಆದರೆ ಪ್ರಯತ್ನ ಪಟ್ಟಿದ್ದೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಮಕ್ಕಾದಲ್ಲಿ ಮೂರನೇ ದಿನ. ನನ್ನ ತಾಯಿ, ಉಮ್ಮ, ರೂಮಿನಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದರು. ಇನ್ನೊಂದು ಉಮ್ರಾಕ್ಕೆ ಅಂತ ನಾನೊಬ್ಬನೇ ಮಕ್ಕಾದ ಗಡಿಯ ತನ್‌ಈಮ್‌ಗೆ ಹೋಗಿ ಇಹ್ರಾಂ, ಅಂದರೆ ಯಾತ್ರೆಯ ವ್ರತದ ಬಿಳಿ ಬಟ್ಟೆ, ಕಟ್ಟಿ ಬಂದೆ. ಈಗ ಕೆಳಗಿನ ಅಂಗಳಕ್ಕೆ, ಅಂದರೆ ಕಅಬಾದ ಹತ್ತಿರದ ಮತಾಫ್‌ಗೆ, ಇಹ್ರಾಂ ಬಟ್ಟೆ ಇಲ್ಲದ ಗಂಡಸರನ್ನು ಸಾಮಾನ್ಯವಾಗಿ ಬಿಡೋದಿಲ್ಲ. ಮೇಲಿನ ಮಹಡಿಗೆ ಕಳಿಸುತ್ತಾರೆ. ನಾಲ್ಕನೇ ಸುತ್ತಿನಲ್ಲಿ ಹುಚ್ಚು ಧೈರ್ಯ ಬಂತು, ಒಳಗೆ ಒಳಗೆ ಸರಿದೆ. ಮೂಲೆ ಹತ್ತಿರ ಬಂದ ಹಾಗೆ ನಡಿಗೆ ನಿಂತು ನೂಕಾಟ ಶುರುವಾಯಿತು. ನನ್ನ ಮೊಣಕೈ ಒಬ್ಬರ ಮುಖಕ್ಕೆ ತಾಗಿತು. ತಾಗಿತು ಅಂತ ಬರೆಯೋದು ಸುಳ್ಳು, ದಾರಿ ಮಾಡಿಕೊಳ್ಳೋಕೆ ಅಂತ ನಾನೇ ಕೈ ಎತ್ತಿದ್ದು. ತಿರುಗಿ ನೋಡಿದರೆ ನನ್ನ ತಂದೆ ವಯಸ್ಸಿನವರು, ಬಿಳಿ ಗಡ್ಡ, ಕನ್ನಡಕ ವಾರೆಯಾಗಿ ಒಂದು ಕಿವಿಗೆ ನೇತಾಡುತ್ತಿತ್ತು. ಅವರು ಏನೂ ಅನ್ನಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ನೋಡಿದರು ಅಷ್ಟೇ. ಅಷ್ಟರಲ್ಲಿ ಅಲೆ ಬಂದು ನಾನು ಹೊರಗೆ.

ಹೊರಗೆ ಬಿದ್ದ ಮೇಲೆ ಲೆಕ್ಕ ಹಾಕಿದೆ. ಆ ಕಲ್ಲಿಗೆ ಮುತ್ತಿಡೋದು ಸುನ್ನತ್, ಮಾಡಿದರೆ ಪುಣ್ಯ, ಬಿಟ್ಟರೆ ಪಾಪ ಇಲ್ಲ. ಇನ್ನೊಬ್ಬರಿಗೆ ನೋವು ಮಾಡೋದು ಹರಾಂ. ಸುತ್ತುವಾಗ ಕಅಬಾ ಎಡಗಡೆಗೇ ಇರಬೇಕು ಅನ್ನೋದು ಕಡ್ಡಾಯ, ಆ ನೂಕಾಟದಲ್ಲಿ ನಾನು ಎಷ್ಟು ಹೆಜ್ಜೆ ಕಅಬಾಕ್ಕೆ ಬೆನ್ನು ಹಾಕಿಕೊಂಡು ಹೋಗಿದ್ದೆನೋ ನನಗೇ ಗೊತ್ತಿಲ್ಲ. ಸುನ್ನತ್‌ನ ಹಿಂದೆ ಹೋಗಿ ಫರ್ಳನ್ನೇ, ಕಡ್ಡಾಯವನ್ನೇ, ಕೆಡಿಸಿಕೊಂಡಿದ್ದೆ. ಆ ಸುತ್ತನ್ನು ಬಿಟ್ಟು ಮತ್ತೆ ಸುತ್ತಿದೆ. ಸಾಲದ್ದಕ್ಕೆ ಆ ಕಲ್ಲಿಗೂ ಸುತ್ತಲಿನ ಗೋಡೆಗೂ ಅತ್ತರ್ ಹಚ್ಚಿರುತ್ತಾರೆ, ಇಹ್ರಾಂನಲ್ಲಿ ಇರೋವನು ಸುಗಂಧ ಮೈಗೆ ಹಚ್ಚಿಕೊಳ್ಳುವ ಹಾಗಿಲ್ಲ. ಅದು ಕೂಡ ತಲೆಗೆ ಹೊಳೆದಿರಲಿಲ್ಲ.

ಪ್ರವಾದಿಯವರ ಸಂಗಾತಿ ಉಮರ್ (ರ) ಆ ಕಲ್ಲಿನ ಮುಂದೆ ನಿಂತು, ನೀನೊಂದು ಕಲ್ಲು ಅಂತ ನನಗೆ ಗೊತ್ತು, ನಿನ್ನಿಂದ ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ, ಪ್ರವಾದಿಯವರು (ಸ) ಮುತ್ತಿಟ್ಟದ್ದನ್ನು ನೋಡದಿದ್ದರೆ ನಾನೂ ಇಡುತ್ತಿರಲಿಲ್ಲ ಎಂದಿದ್ದರು. ಅದೇ ಉಮರ್‌ಗೆ ಪ್ರವಾದಿಯವರು, ನೀನು ಬಲಶಾಲಿ, ಅಲ್ಲಿ ನೂಕಬೇಡ, ದುರ್ಬಲರಿಗೆ ನೋವಾಗುತ್ತದೆ, ಜಾಗ ಇದ್ದರೆ ಮುಟ್ಟು, ಇಲ್ಲದಿದ್ದರೆ ಅದರ ಕಡೆ ಮುಖ ಮಾಡಿ ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳು ಎಂದರು ಎಂಬ ವರದಿಯೂ ಇದೆ. ಪ್ರವಾದಿಯವರೇ ವಿದಾಯದ ಹಜ್ಜಿನಲ್ಲಿ ಒಂಟೆ ಮೇಲೆ ಕೂತು ತವಾಫ್ ಮಾಡಿ, ಕೈಯಲ್ಲಿದ್ದ ಕೋಲಿನ ತುದಿಯಿಂದ ಕಲ್ಲನ್ನು ಮುಟ್ಟಿದ್ದರು. ಇದೆಲ್ಲ ನನಗೆ ಊರಲ್ಲೇ ಗೊತ್ತಿತ್ತು. ಗೊತ್ತಿದ್ದೂ ಮೊಣಕೈ ಎತ್ತಿದೆ.

ಗೊತ್ತಿತ್ತು ಅಂದರೆ, ಹೊರಡುವ ಮೊದಲು ನಮ್ಮ ಉಸ್ತಾದರು ಮದ್ರಸದಲ್ಲಿ ಎರಡು ಸಂಜೆ ಕ್ಲಾಸ್ ಮಾಡಿದ್ದರು. ಮಕ್ಕಳ ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಒಂದು ಮೇಜು ಇಟ್ಟರು. ಅದೇ ಕಅಬಾ. ಮೇಜಿನ ಒಂದು ಮೂಲೆಯಲ್ಲಿ ಬೋರ್ಡ್ ಒರೆಸುವ ಡಸ್ಟರ್, ಅದು ಹಜರುಲ್ ಅಸ್ವದ್. ಒಂದು ಬದಿಗೆ ಸ್ವಲ್ಪ ದೂರ ಬಿಟ್ಟು ಒಂದು ಬೆಂಚು. ನಾವು ಹನ್ನೊಂದು ಜನ ಮೇಜಿನ ಸುತ್ತ ಸುತ್ತಿದೆವು. ಉಮ್ಮ ಕಾಲು ನೋವಿಗೆ ದಾರಿ ಹತ್ತಿರ ಆಗಲಿ ಅಂತ ಮೇಜಿಗೂ ಬೆಂಚಿಗೂ ನಡುವೆ ನುಗ್ಗಿ ಆ ಕಡೆ ಬಂದರು.

"ಉಮ್ಮಾ, ನಿಮ್ಮ ಸುತ್ತು ಹೋಯ್ತು" ಅಂದರು ಉಸ್ತಾದ್.

ಆ ಬೆಂಚು ಹಿಜ್ರ್ ಇಸ್ಮಾಯೀಲ್‌ನ ಗೋಡೆ. ಹತೀಮ್ ಅಂತಲೂ ಹೇಳ್ತಾರಲ್ಲ, ಫೋಟೋದಲ್ಲಿ ಕಅಬಾದ ಒಂದು ಬದಿಗೆ ಅರ್ಧ ಚಂದ್ರದ ಹಾಗೆ ಕಾಣೋ ಗಿಡ್ಡ ಗೋಡೆ, ಅದು. ಪ್ರವಾದಿತ್ವಕ್ಕೂ ಮೊದಲು ಖುರೈಶರು ಕಅಬಾವನ್ನು ಮತ್ತೆ ಕಟ್ಟಿದಾಗ ಹಲಾಲ್ ದುಡ್ಡು ಸಾಕಾಗಲಿಲ್ಲ, ಹಾಗಾಗಿ ಒಂದು ಭಾಗವನ್ನು ಕಟ್ಟದೆ ಹೊರಗೆ ಬಿಟ್ಟರು. ಆ ಭಾಗವೂ ಕಅಬಾದ್ದೇ. ಗೋಡೆಯ ಎರಡು ತುದಿಯಲ್ಲೂ ದಾರಿ ಇದೆ. ಒಳಗೆ ಹೋಗಿ ನಮಾಝ್ ಮಾಡೋದು ಭಾಗ್ಯವೇ. ಆದರೆ ತವಾಫ್ ಮಾಡುತ್ತಾ ಅದರೊಳಗೆ ಹಾದು ಬಂದರೆ ಕಅಬಾದ ಸುತ್ತ ಹೋದ ಹಾಗಲ್ಲ, ಕಅಬಾದ ಒಳಗೆ ಹೋದ ಹಾಗೆ. ಸುತ್ತು ಲೆಕ್ಕಕ್ಕಿಲ್ಲ. ಒಂದು ಕಾಲದಲ್ಲಿ ಕಳ್ಳ ದುಡ್ಡು ಸೇರಿಸಬಾರದು ಅಂತ ಬಿಟ್ಟ ಜಾಗಕ್ಕೆ ಇವತ್ತೂ ಎಲ್ಲರೂ ಬಳಸಿಕೊಂಡು ಹೋಗಬೇಕು. ನನಗೆ ಈ ಮಾತು ಯಾವ ಪ್ರವಚನಕ್ಕಿಂತ ಜಾಸ್ತಿ ನಾಟಿತು.

ಶಾಫಿಈ ಮದ್ಹಬ್‌ನವರಿಗೆ, ಅಂದರೆ ಆ ಧರ್ಮಶಾಸ್ತ್ರ ಪಂಥ ಅನುಸರಿಸುವ ಕರಾವಳಿಯ ನಮ್ಮಂಥವರಿಗೆ, ಇನ್ನೂ ಎರಡು ಸೂಕ್ಷ್ಮ ಇವೆ. ಕಅಬಾದ ಬುಡದಲ್ಲಿ ಇಳಿಜಾರಾಗಿ ಅಮೃತಶಿಲೆಯ ಒಂದು ಕಟ್ಟೆ ಇದೆ, ಶಾದರ್‌ವಾನ್ ಅಂತಾರೆ. ನಮ್ಮ ಪ್ರಕಾರ ಅದೂ ಕಅಬಾದ ಒಳಗೇ ಲೆಕ್ಕ. ಕಲ್ಲಿಗೆ ಮುತ್ತಿಡಲು ಬಗ್ಗಿದವನ ತಲೆ ಆ ಕಟ್ಟೆಯ ಮೇಲೆ ಇರುತ್ತದೆ. ಹಾಗೆ ಬಗ್ಗಿಕೊಂಡೇ ಒಂದು ಹೆಜ್ಜೆ ಮುಂದೆ ಹೋದರೆ ಆ ಹೆಜ್ಜೆ ಸಲ್ಲದು. ಕಾಲು ಕದಲಿಸದೆ ನೆಟ್ಟಗೆ ನಿಂತು, ಆಮೇಲೆ ನಡೆಯಬೇಕು. ಆ ನೂಕಾಟದಲ್ಲಿ ಇದು ಆಗೋ ಮಾತಾ ಹೇಳಿ.

ಎರಡನೆಯದು ವುಝೂ, ಅಂದರೆ ನಮಾಝ್‌ಗೆ ಮೊದಲು ಕೈಕಾಲು ಮುಖ ತೊಳೆದು ಮಾಡುವ ಶುದ್ಧಿ. ಮಹ್ರಮ್ ಅಲ್ಲದ, ಅಂದರೆ ತಾಯಿ ಮಗನಂಥ ಮದುವೆ ಕೂಡದ ಸಂಬಂಧ ಇಲ್ಲದ, ಗಂಡು ಹೆಣ್ಣಿನ ಚರ್ಮ ಒಂದಕ್ಕೊಂದು ತಾಗಿದರೆ ನಮ್ಮಲ್ಲಿ ವುಝೂ ಮುರಿಯುತ್ತದೆ, ಗಂಡ ಹೆಂಡತಿ ಆದರೂ ಅಷ್ಟೇ. ತವಾಫ್‌ಗೆ ವುಝೂ ಬೇಕು. ಮತಾಫ್‌ನಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ನಡೆಯೋದು. ಹಾಗಾದರೆ? ಅದಕ್ಕೇ ನಮ್ಮ ಉಸ್ತಾದರು ತವಾಫ್‌ನ ಮಟ್ಟಿಗೆ ಇನ್ನೊಂದು ಮದ್ಹಬ್ ಆದ ಹನಫಿಯ ಅಭಿಪ್ರಾಯ ಹಿಡಿಯಿರಿ, ಅದರಲ್ಲಿ ತಾಗಿದ್ದಕ್ಕೆ ವುಝೂ ಮುರಿಯಲ್ಲ, ಆದರೆ ವುಝೂ ಮಾಡುವಾಗಲೂ ಅವರ ಹಾಗೇ ಮಾಡಿ, ತಲೆಯ ನಾಲ್ಕನೇ ಒಂದು ಭಾಗವಾದರೂ ಸವರಿ, ನಮ್ಮಲ್ಲಿಯ ಹಾಗೆ ನಾಲ್ಕು ಕೂದಲು ಒದ್ದೆ ಮಾಡಿ ಬಿಡಬೇಡಿ ಅಂದರು. ನಮ್ಮ ಗುಂಪಿನ ಒಂದು ಹೊಸ ಜೋಡಿಗೆ ಇಷ್ಟು ಹೇಳಿದರೂ ಧೈರ್ಯ ಬರಲಿಲ್ಲ. ಇಹ್ರಾಂನಲ್ಲಿ ಕೈಗವಸು ಹಾಕುವ ಹಾಗಿಲ್ಲ. ಏಳು ಸುತ್ತೂ ಒಂದು ಬ್ಯಾಗಿನ ಪಟ್ಟಿಯ ಆ ತುದಿ ಅವನು, ಈ ತುದಿ ಅವಳು ಹಿಡಿದುಕೊಂಡು ನಡೆದರು. ನೋಡೋಕೆ ಬಹಳ ಚೆಂದ ಇತ್ತು.

ನನಗೆ ಆ ಚಿಂತೆ ಇರಲಿಲ್ಲ. ನನ್ನ ಕೈಯಲ್ಲಿದ್ದದ್ದು ಉಮ್ಮನ ಕೈ.

ಮೊದಲ ರಾತ್ರಿ ನಾವು ಹರಂಗೆ, ಕಅಬಾ ಇರುವ ಮಸೀದಿಗೆ, ಹೋದಾಗ ಗಂಟೆ ಒಂದೂವರೆ. ಗಾಲಿಕುರ್ಚಿ ಮಾಡೋಣ ಅಂದೆ. ಬೇಡ ಅಂದರು. ಕಾಯಿಲೆಯಲ್ಲಿದ್ದ ತಮ್ಮ ಪತ್ನಿ ಉಮ್ಮು ಸಲಮಾ (ರ) ಅವರಿಗೆ ಪ್ರವಾದಿಯವರೇ ಜನರ ಹಿಂದಿನಿಂದ ಸವಾರಿಯ ಮೇಲೆ ತವಾಫ್ ಮಾಡು ಎಂದಿದ್ದರು ಅಂತ ಹೇಳಿ ನೋಡಿದೆ. "ಅವರು ಉಮ್ಮು ಸಲಮಾ ಮೋನೇ, ನಾನು ಬೀಡಿ ಕಟ್ಟೋಳು, ನಡೀತೇನೆ" ಅಂದರು. ಅದರ ಅರ್ಥ ನನಗೆ ಇವತ್ತಿಗೂ ಪೂರ್ತಿ ಆಗಿಲ್ಲ.

ಹಜರುಲ್ ಅಸ್ವದ್‌ನ ಮೂಲೆಗೆ ನೇರವಾಗಿ ಮಸೀದಿಯ ಗೋಡೆಯಲ್ಲಿ ಹಸಿರು ದೀಪ ಇದೆ. ಮೊದಲು ನೆಲದ ಮೇಲೆ ಗೆರೆ ಇತ್ತಂತೆ, ಎಲ್ಲರೂ ಅದರ ಮೇಲೇ ನಿಂತು ದಾರಿ ಕಟ್ಟಿದ ಹಾಗೆ ಆಗುತ್ತಿತ್ತು, ಈಗ ಇಲ್ಲ. ದೀಪಕ್ಕಿಂತ ಸ್ವಲ್ಪ ಹಿಂದೆಯೇ ನಿಂತು ಶುರು ಮಾಡಿದೆವು. ಕಲ್ಲು ದಾಟಿದ ಮೇಲೆ ಶುರು ಮಾಡಿದರೆ ಆ ಸುತ್ತು ಎಣಿಕೆಗೆ ಬರಲ್ಲ. ತಲ್ಬಿಯಾ (ಲಬ್ಬೈಕ್ ಎಂಬ ಯಾತ್ರೆಯ ಘೋಷ) ನಿಲ್ಲಿಸಿ, ಬಲಗೈ ಎತ್ತಿ, ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್. ಕಾಲ ಕೆಳಗೆ ಬಿಳಿ ಕಲ್ಲು ತಣ್ಣಗಿತ್ತು.

ಗಂಡಸರು ಬಲಭುಜ ತೆರೆದಿಟ್ಟು ತವಾಫ್ ಮಾಡಬೇಕು, ಮೊದಲ ಮೂರು ಸುತ್ತು ಬಿರಬಿರನೆ ನಡೆಯಬೇಕು. ರಮಲ್ ಅಂತಾರೆ. ಹಿಜರಿ 7ರಲ್ಲಿ, ಕ್ರಿ.ಶ. 629ರಲ್ಲಿ, ಪ್ರವಾದಿಯವರು ಸಂಗಾತಿಗಳ ಜೊತೆ ಉಮ್ರಾಕ್ಕೆ ಬಂದಾಗ, ಯಸ್ರಿಬ್‌ನ (ಮದೀನಾದ) ಜ್ವರ ಇವರನ್ನು ತಿಂದುಹಾಕಿದೆ, ಬಡಕಲಾಗಿದ್ದಾರೆ ಅಂತ ಮಕ್ಕಾದವರು ಆಡಿಕೊಂಡರಂತೆ. ಹಾಗಾದರೆ ಎದೆ ಸೆಟೆಸಿ ನಡೆಯಿರಿ ಅಂತ ಅಪ್ಪಣೆ ಆಯಿತು. ಆಡಿಕೊಂಡವರು ಹೋದರು, ಮಕ್ಕಾ ಗೆದ್ದದ್ದೂ ಆಯಿತು, ನಡಿಗೆ ಮಾತ್ರ ಉಳಿಯಿತು. ಹೆಂಗಸರಿಗೆ ರಮಲ್ ಇಲ್ಲ. ಉಮ್ಮನ ಕೈ ಹಿಡಿದ ನನಗೂ ಇರಲಿಲ್ಲ. ಭುಜ ತೆರೆದುಕೊಂಡು, ವೀರನ ಹಾಗೆ ಕಾಣುತ್ತಾ, ಆಮೆ ಹಾಗೆ ನಡೆದೆ.

ಒಂದೊಂದು ಸುತ್ತಿಗೆ ಒಂದೊಂದು ದುಆ (ಪ್ರಾರ್ಥನೆ) ಅಂತ ಪುಸ್ತಕ ಸಿಗುತ್ತವೆ. ಕೆಲವು ಗುಂಪುಗಳಲ್ಲಿ ಒಬ್ಬರು ಕೂಗಿ ಓದೋದು, ಉಳಿದವರು ಕೂಗಿ ಹೇಳೋದು. ಹಾಗೆ ಸುತ್ತಿಗೊಂದು ಅಂತ ಪ್ರವಾದಿಯವರು ಕಲಿಸಿಲ್ಲ. ಕಲ್ಲಿಗೆ ಮೊದಲಿನ ಮೂಲೆಯಾದ ರುಕ್ನುಲ್ ಯಮಾನಿಯಿಂದ ಹಜರುಲ್ ಅಸ್ವದ್‌ವರೆಗೆ "ರಬ್ಬನಾ ಆತಿನಾ ಫಿದ್ದುನ್ಯಾ ಹಸನಃ", ಇಹದಲ್ಲೂ ಒಳಿತು ಕೊಡು, ಪರದಲ್ಲೂ ಒಳಿತು ಕೊಡು, ನರಕದಿಂದ ಕಾಪಾಡು, ಇದೊಂದು ಸಾಕು. ಉಳಿದ ದಾರಿಯಲ್ಲಿ ನಮ್ಮ ಮಾತೇ ದುಆ. ಉಮ್ಮನದ್ದು ಪೂರ್ತಿ ಬ್ಯಾರಿ ಭಾಷೆಯಲ್ಲಿ. ಬೀಡಿ ಬ್ರಾಂಚಿನಲ್ಲಿ ಪರಿಚಯದ ಹೆಂಗಸರು ಒಬ್ಬೊಬ್ಬರೂ ಒಂದೊಂದು ಕೇಳಿಕೊಂಡಿದ್ದರು. ಒಬ್ಬಳ ಮಗಳ ಹೆರಿಗೆ, ಇನ್ನೊಬ್ಬಳ ಗಂಡನ ಕುಡಿತ, ಮತ್ತೊಬ್ಬರ ಸೊಸೆಯ ಮುನಿಸು. ಎಲ್ಲವನ್ನೂ ಹೆಸರು ಹಿಡಿದು, ಮನೆ ಯಾವ ತಿರುವಿನಲ್ಲಿ ಅಂತ ಗುರುತು ಸಮೇತ ಅಲ್ಲಾಹನಿಗೆ ಹೇಳುತ್ತಿದ್ದರು. ಅವನಿಗೆ ವಿಳಾಸ ಬೇಕಾ ಅಂತ ನಗು ಬಂತು. ಐದನೇ ಸುತ್ತಿನ ಹೊತ್ತಿಗೆ ನನಗೂ ಅದೇ ಸರಿ ಅನ್ನಿಸಿತು.

ಇನ್ನು ಎಣಿಕೆ. ಏಳು ಮಣಿಯ ತಸ್ಬೀಹ್ ಅಲ್ಲೇ ಸಿಗುತ್ತೆ, ಮೊಬೈಲ್‌ನಲ್ಲಿ ಆ್ಯಪ್ ಇದೆ. ಉಮ್ಮ ಊರಿನಿಂದಲೇ ಹುಣಸೆ ಬೀಜ ತಂದಿದ್ದರು. ಕುತ್ತಿಗೆಗೆ ನೇತಾಡಿಸಿದ ಬಟ್ಟೆಚೀಲಕ್ಕೆ ಎರಡು ಅರೆ. ಹಸಿರು ದೀಪ ದಾಟಿದಾಗಲೆಲ್ಲ ಒಂದು ಬೀಜ ಈ ಅರೆಯಿಂದ ಆ ಅರೆಗೆ. "ದಿನಕ್ಕೆ ಸಾವಿರ ಬೀಡಿ ಎಣಿಸಿದವರಿಗೆ ಏಳು ಎಣಿಸೋಕೆ ಬೀಜ ಯಾಕೆ ಉಮ್ಮ?" ಅಂತ ಕೇಳಿದ್ದೆ.

"ಬೀಡಿ ಎಣಿಸುವಾಗ ಅಳು ಬರಲ್ಲ."

ಏಳು ಆಯಿತು ಅಂತ ನಾನು ಹೊರಗೆ ಸರಿಯತೊಡಗಿದೆ. ಉಮ್ಮ ಕೈ ಬಿಡಿಸಿಕೊಂಡು ಚೀಲ ತಡಕಿದರು. ಈ ಅರೆಯಲ್ಲಿ ಇನ್ನೂ ಒಂದು ಬೀಜ ಇತ್ತು. ನನ್ನ ಬೆರಳ ಲೆಕ್ಕದಲ್ಲಿ ಏಳು, ಉಮ್ಮನ ಚೀಲದ ಲೆಕ್ಕದಲ್ಲಿ ಆರು. ಸಂಶಯ ಬಂದರೆ ಕಡಿಮೆಯದ್ದನ್ನೇ ಹಿಡಿಯಬೇಕು, ಉಸ್ತಾದರು ಮೇಜಿನ ಸುತ್ತ ಮೂರು ಸಲ ಹೇಳಿದ ಮಾತು. ನನಗೆ ಸಂಶಯ ಇರಲಿಲ್ಲ ಅನ್ನೋಣ ಅಂದರೆ, ನಡುವೆ ಎಲ್ಲೋ ಗೋಡೆಯ ಕಪ್ಪು ಬಟ್ಟೆಯ ಚಿನ್ನದ ಅಕ್ಷರ ನೋಡುತ್ತಾ ಮೈಮರೆತದ್ದು ನಿಜ. ಬಂದ ಸಂಶಯ ಹೋಗಲಿಲ್ಲ. ಮತ್ತೆ ಹೊರಟೆವು. ಈ ಸಲ ಉಮ್ಮ ಪೂರ್ತಿ ನನ್ನ ಮೇಲೆ ಭಾರ ಹಾಕಿದ್ದರು. ಹಿಜ್ರ್ ಬಳಸುವಾಗ ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡರು. ಒಂದೇ ಒಂದು ಹೆಸರನ್ನೂ ಹೇಳಲಿಲ್ಲ, ತುಟಿ ಮಾತ್ರ ಆಡುತ್ತಿತ್ತು.

ನಾನು ಭುಜ ಮುಚ್ಚಿಕೊಂಡೆ. ಪ್ರವಾದಿ ಇಬ್ರಾಹೀಂ ನಿಂತಿದ್ದ ಕಲ್ಲು ಇರುವ ಮಖಾಮ್ ಇಬ್ರಾಹೀಂನಿಂದ ಬಹಳ ಹಿಂದೆ, ಜನ ನಡೆಯದ ಜಾಗದಲ್ಲಿ ಎರಡು ರಕಅತ್ ನಮಾಝ್. ಅದರ ಪಕ್ಕದಲ್ಲೇ ಮಾಡಬೇಕು ಅಂತ ನಡೆಯೋರ ಕಾಲಿಗೆ ಅಡ್ಡ ಸುಜೂದ್ ಮಾಡೋರೂ ಇದ್ದಾರೆ, ಇರಲಿ. ಆಮೇಲೆ ಝಂಝಂ. ಎರಡನೇ ಲೋಟ ಮುಗಿಸಿ ಉಮ್ಮ ಚೀಲವನ್ನು ಮಡಿಲಿಗೆ ಸುರಿದು ಬೀಡಿ ಎಣಿಸುವ ಹಾಗೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಎಂಟು.

"ಅಲ್ಲ ಮೋನೇ," ಅಂದರು ಮೆಲ್ಲಗೆ, "ಒಂದು ಬಿದ್ದು ಹೋದರೆ ಇರಲಿ ಅಂತ ಊರಲ್ಲಿ ಒಂದು ಜಾಸ್ತಿ ಹಾಕಿದ್ದೆ. ಮರೆತೇ ಹೋಯ್ತು."

ನಾನು ಅವರ ಮೊಣಕಾಲು ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ನೀರು ಕುಡಿಯುತ್ತಿದ್ದ ಯಾವುದೋ ದೇಶದ ಹೆಂಗಸು ಸುಮ್ನೆ ನಮ್ಮ ಜೊತೆ ನಕ್ಕಳು.

ಇನ್ನು ಸಫಾ ಮರ್ವಾ, ಆ ಎರಡು ಗುಡ್ಡಗಳ ನಡುವಿನ ನಡಿಗೆ. ಅಲ್ಲೂ ಏಳು. ಉಮ್ಮ ಏಳು ಬೀಜ ಚೀಲಕ್ಕೆ ಹಾಕಿ, ಎಂಟನೆಯದನ್ನು ನನ್ನ ಸೊಂಟದ ಬೆಲ್ಟಿನ ಜೇಬಿಗೆ ತುರುಕಿ ಜಿಪ್ ಎಳೆದರು.