ಹಳೆ ಕ್ಯಾಸೆಟ್‌ನ್ಯಾಗ ಅವ್ವನ ರೊಟ್ಟಿ ಸಪ್ಪಳ

ಹದಿನೈದು ದಿನದಿಂದ ರಾತ್ರಿ ಊಟ ಆದಮ್ಯಾಲ ಇದೇ ಕೆಲಸ ನೋಡ್ರಿ. 2003ರಾಗ ಕಲಬುರಗಿ ಬ್ರಹ್ಮಪುರದ ಬಾಡಿಗಿ ಮನ್ಯಾಗ ಟೇಪ್‌ರೆಕಾರ್ಡರ್ ಮುಂದ ಕುಂತು ಹಾಡಿದ್ದ ಆರು ತತ್ವಪದ ಕ್ಯಾಸೆಟ್‌ನ್ಯಾಗ ಹಂಗೇ ಇದ್ದುವು, ಈಗ ಲ್ಯಾಪ್‌ಟಾಪಿಗೆ ಇಳಿಸ್ಕೊಂಡು ಆಡಾಸಿಟಿ ಅನ್ನೋ ಧ್ವನಿ ತಿದ್ದೋ ಸಾಫ್ಟ್‌ವೇರ್‌ದಾಗ ಒಂದೊಂದೇ ಸ್ವಚ್ಛ ಮಾಡ್ಲಿಕತ್ತೀನಿ. ಟೇಪು ಸ್ವಲ್ಪ ಜೋರು ಓಡಿ ಸ್ವರ ಮ್ಯಾಲ ಹೋಗಿತ್ತು, ಅವತ್ತಿನ ಹಾರ್ಮೋನಿಯಂ ಇನ್ನೂ ಮನ್ಯಾಗ ಅದ, ಅದರ ಕರಿ ಒಂದು, ಅಂದ್ರ ಮೊದಲನೇ ಕರಿ ಕೀಲಿ, ಒತ್ತಿ ಹಿಡ್ದು ಅದಕ್ಕ ಕೂಡೋತನಕ ಸ್ಪೀಡ್ ಇಳಸ್ಕೋತ ಬಂದೆ. ಕರೆಂಟಿನ ಗುಂಯ್ ಅನ್ನೋದು 50 ಹರ್ಟ್ಜ್‌ದಾಗ (ಸೆಕೆಂಡಿಗೆ 50 ಕಂಪನ) ಇರ್ತದ, ಮ್ಯಾಲ 100, 150ರಾಗೂ ಬರ್ತದ, ಅಷ್ಟನ್ನೇ ಸಣ್ಣಗ ಕತ್ತರಿಸಿದ್ರ ಹಾಡಿಗೆ ಪೆಟ್ಟು ಬೀಳಂಗಿಲ್ಲ. ಗದ್ದಲ ಕಡಿಮಿ ಮಾಡೋ ನಾಯ್ಸ್ ರಿಡಕ್ಷನ್ ಜಾಸ್ತಿ ಕೊಟ್ರ ಮಾತ್ರ ದನಿ ನೀರಾಗ ಮುಳಗಿದಂಗ ಕೇಳ್ತದ.

ಮೂರನೇ ಪದದಾಗ ತಾಳದ ಹಿಂದ ಟಪ್ ಟಪ್ ಅಂತ ಒಂದು ಸಪ್ಪಳ. ಗದ್ದಲ ಅಂತ ತಿಳ್ಕೊಂಡು ಅದನ್ನೂ ಅಡಗಿಸಿದ್ದೆ. ಮೊನ್ನೆ ಹೆಡ್‌ಫೋನ್ ಹಾಕ್ಕೊಂಡು ಮೂಲ ಫೈಲ್ ಕೇಳಿದಾಗ ಗೊತ್ತಾತು, ಅದು ಒಳಗ ಅವ್ವ ಜೋಳದ ರೊಟ್ಟಿ ಬಡೀತಿದ್ದ ಸಪ್ಪಳ, ನಡುನಡುವ ಬಳಿ ಸದ್ದೂ ಅದ. ಅವ್ವ ಹೋಗಿ ಒಂಬತ್ತು ವರ್ಷ ಆತು, ಫೋಟೋ ಬಾಳ ಅದಾವ, ಕೇಳ್ಲಿಕ್ಕ ಉಳದದ್ದು ಇದೊಂದೇ. ಅಲ್ಲೇ ಎಷ್ಟೋ ಹೊತ್ತು ಕುಂತೆ. ಆ ಪದ ಮತ್ತ ಮೊದಲಿಂದ ಮಾಡೀನಿ, ಗುಂಯ್ ಅಷ್ಟೇ ತಗದೀನಿ, ರೊಟ್ಟಿ ಸಪ್ಪಳ ಮುಟ್ಟಿಲ್ಲ.

ಇವತ್ತು ಮುಂಜಾನೆ ಯೂಟ್ಯೂಬಿಗೆ ಏರಿಸೀನಿ. ಹೆಡ್‌ಫೋನ್ ಹಾಕ್ಕೊಂಡೇ ಕೇಳ್ರಿ, ಎರಡನೇ ನುಡಿ ಮುಗಿಯೋ ಹೊತ್ತಿಗೆ ಬಡಿಯೋದು ನಿಂತು, ಅವ್ವ ರೊಟ್ಟಿ ಹಂಚಿನ ಮ್ಯಾಲ ಹಾಕ್ತಾಳ.