ಲಾಕ್‌ಡೌನ್ ಟೈಮಲ್ಲಿ ಕಂಡ ಗಾಳಿ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯ್ತಲ್ಲ, ಒಂದೆರಡು ವಾರದಲ್ಲೇ ನಮ್ಮ ಬಾಲ್ಕನಿ ಕಂಬಿ ಮೇಲೆ ದಿನಾ ಕೂರ್ತಿದ್ದ ಕಪ್ಪು ಧೂಳು ಕಮ್ಮಿಯಾಗಿತ್ತು, ಅಮ್ಮ ಒರೆಸಿ ತೋರ್ಸಿದ್ರು, ಬಟ್ಟೆ ಹಂಗೇ ಬೆಳ್ಳಗಿತ್ತು. ಅತ್ತ ಪಂಜಾಬಿನ ಜಲಂಧರ್‌ನಲ್ಲಿ ಜನ ಟೆರೇಸ್‌ನಿಂದ್ಲೇ ದೂರದ ಹಿಮಾಲಯದ ಧೌಲಾಧಾರ್ ಬೆಟ್ಟ ನೋಡಿದ್ರು. ಗಾಡಿ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ಥಟ್ಟಂತ ಇಳೀತು, ಆದ್ರೆ ಎಷ್ಟೋ ಊರಲ್ಲಿ ನೆಲದ ಹತ್ರ ಉಸಿರಿಗೆ ಕೆಟ್ಟದ್ದಾದ ಓಜೋನ್ ಏರ್ತು, ಯಾಕಂದ್ರೆ ಅದನ್ನ ತಿಂದುಹಾಕೋ, ಗಾಡಿ ಹೊಗೆಯಲ್ಲೇ ಬರೋ ನೈಟ್ರಿಕ್ ಆಕ್ಸೈಡೇ ಕಮ್ಮಿಯಾಗಿತ್ತು.

ಅನ್‌ಲಾಕ್ ಆದ್ಮೇಲೆ ಹೊಗೆ ವಾಪಸ್, ಕಂಬಿ ಮತ್ತೆ ಕಪ್ಪು. ಆ ವರ್ಷ ಏಪ್ರಿಲ್ 1ಕ್ಕೆ ಬಂದ, ಗಾಡಿ ಹೊಗೆಗೆ ಮಿತಿ ಹಾಕೋ ಬಿಎಸ್6 ರೂಲ್ ಹೊಸ ಗಾಡಿಗೆ ಮಾತ್ರ, ಹಳೇ ಡೀಸೆಲ್ ಗಾಡಿಗಳು ಓಡ್ತಾನೇ ಇದ್ವು. ಕೂಲಿ ಇಲ್ದೆ ನಡ್ಕೊಂಡು ಊರಿಗೆ ಹೋದೋರ ಕಷ್ಟದಿಂದ ಬರೋ ಒಳ್ಳೆ ಗಾಳಿ ನಂಗೆ ಬೇಡ, ಬಸ್ಸು ಜಾಸ್ತಿ ಬಿಡ್ಲಿ, ಫುಟ್‌ಪಾತ್ ಸರಿ ಮಾಡ್ಲಿ, ಕಸ ಸುಡೋದನ್ನ ನಿಲ್ಲಿಸ್ಲಿ.