ಕೂಡಿ, ಕಳೆ, ಗುಣಿಸು. ಭಾಗಿಸುವಾಗ ಮಾತ್ರ ಜೋಕೆ

ಎರಡು ಬಹುಪದೋಕ್ತಿಗಳನ್ನು (3ಎಕ್ಸ್² + 2ಎಕ್ಸ್ ಥರದ ಉಕ್ತಿಗಳನ್ನು) ಕೂಡಿದರೂ ಕಳೆದರೂ ಗುಣಿಸಿದರೂ ಬಹುಪದೋಕ್ತಿಯೇ ಸಿಗುತ್ತದೆ. ಇದೇ ಆವೃತ ಗುಣ. ಬಾಯಿಪಾಠ ಮಾಡುವ ಬದಲು ಘಾತಸೂಚಿಗಳನ್ನು, ಅಂದರೆ ಎಕ್ಸ್ ಮೇಲೆ ಬರೆಯುವ ಪುಟ್ಟ ಅಂಕಿಗಳನ್ನು, ಗಮನಿಸಿ: ಅವೆಲ್ಲ 0, 1, 2, 3 ಹೀಗೆ ಪೂರ್ಣ ಸಂಖ್ಯೆಗಳು. ಕೂಡುವಾಗ, ಕಳೆಯುವಾಗ ಸಹಗುಣಕ (3ಎಕ್ಸ್² ಎಂಬಲ್ಲಿ 3) ಮಾತ್ರ ಬದಲಾಗುತ್ತದೆ. ಗುಣಿಸುವಾಗ ಘಾತಗಳು ಕೂಡಿಕೊಳ್ಳುತ್ತವೆ, ಎಕ್ಸ್² × ಎಕ್ಸ್³ = ಎಕ್ಸ್⁵. ಪೂರ್ಣ ಸಂಖ್ಯೆಗಳ ಮೊತ್ತ ಪೂರ್ಣ ಸಂಖ್ಯೆಯೇ ತಾನೆ?

ಭಾಗಾಕಾರದಲ್ಲಿ ಘಾತಗಳು ಕಳೆಯುತ್ತವೆ. (ಎಕ್ಸ್² + 1) ಅನ್ನು ಎಕ್ಸ್‌ನಿಂದ ಭಾಗಿಸಿದರೆ ಎಕ್ಸ್ + ಎಕ್ಸ್⁻¹. ಆ ಋಣ ಘಾತ ಬಂದ ಕೂಡಲೇ ಅದು ಬಹುಪದೋಕ್ತಿಯಲ್ಲ. (ಎಕ್ಸ್² − 1) ಅನ್ನು (ಎಕ್ಸ್ − 1) ಸರಿಯಾಗಿ ಭಾಗಿಸುತ್ತದಲ್ಲ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಆವೃತ ಗುಣ ಎಲ್ಲ ಜೋಡಿಗೂ ನಿಲ್ಲಬೇಕು. ಅದನ್ನು ಮುರಿಯಲು ಒಂದೇ ಉದಾಹರಣೆ ಸಾಕು.

ಹೆಚ್ಚು ತಪ್ಪಾಗುವುದು ವ್ಯವಕಲನದಲ್ಲಿ. (3ಎಕ್ಸ್² + 2ಎಕ್ಸ್) − (ಎಕ್ಸ್² − 5ಎಕ್ಸ್ + 4): ಆವರಣ ಬಿಡಿಸುವಾಗ ಮೊದಲ ಪದದ ಚಿಹ್ನೆಯನ್ನಷ್ಟೇ ಬದಲಿಸಿ ಮುಂದೆ ಹೋಗುತ್ತಾರೆ. ಮೂರೂ ಪದಗಳ ಚಿಹ್ನೆ ಬದಲಾಗಬೇಕು. ಉತ್ತರ 2ಎಕ್ಸ್² + 7ಎಕ್ಸ್ − 4.

ಇನ್ನೊಂದು ಸೂಕ್ಷ್ಮ ನನಗೆ ಬಹಳ ಇಷ್ಟ. ಅತಿ ಹೆಚ್ಚಿನ ಘಾತ ಸರಿಯಾಗಿ 3 ಇರುವ ಬಹುಪದೋಕ್ತಿಗಳನ್ನಷ್ಟೇ ಒಂದು ಗಣ ಮಾಡಿದರೆ ಅದು ಸಂಕಲನಕ್ಕೂ ಆವೃತವಲ್ಲ. ಎಕ್ಸ್³ + 2ಎಕ್ಸ್ ಜೊತೆ −ಎಕ್ಸ್³ + 5 ಕೂಡಿ ನೋಡಿ, ಉಳಿಯುವುದು 2ಎಕ್ಸ್ + 5. 'ಘಾತ 3 ಅಥವಾ ಅದಕ್ಕಿಂತ ಕಡಿಮೆ' ಎಂದು ಬರೆದು, ಶೂನ್ಯ ಬಹುಪದೋಕ್ತಿಯನ್ನೂ (ಅಂದರೆ ಬರೀ 0) ಸೇರಿಸಿಕೊಂಡರೆ ಸಂಕಲನ ಸರಿಹೋಗುತ್ತದೆ. ಗುಣಾಕಾರ ಆಗಲೂ ಹೊರಗೆ ಜಿಗಿಯುತ್ತದೆ: ಎಕ್ಸ್² × ಎಕ್ಸ್² = ಎಕ್ಸ್⁴.